ಕೈಗೊಂದು ಕೈ

ಯಂತ್ರಲೋಕಕ್ಕೆ ಸಾಹಿತ್ಯವು ಎರಡು ಹೆಸರುಗಳನ್ನು ಕೊಟ್ಟಿದೆ. ಒಂದು ಎಲ್ಲರ ನಾಲಗೆಯ ಮೇಲೂ ಇದೆ. ಇನ್ನೊಂದನ್ನು ಬಲ್ಲವರು ಕಡಮೆ. ಮೊದಲನೆಯದು ‘ರೋಬಾಟ್’. ಚೆಕ್ ನಾಟಕಕಾರ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ, ಮರುವರ್ಷ ರಂಗವೇರಿದ ‘ಆರ್.ಯು.ಆರ್.’ ಎಂಬ ನಾಟಕದಿಂದ ಈ ಮಾತು ಜಗತ್ತಿಗೆಲ್ಲ ಹಬ್ಬಿತು. ಹೆಸರನ್ನು ಸೂಚಿಸಿದವನು ಅವನ ಅಣ್ಣ, ಚಿತ್ರಕಾರ ಯೋಸೆಫ್ ಚಾಪೆಕ್. ಚೆಕ್ ಭಾಷೆಯಲ್ಲಿ ‘ರೊಬೊಟಾ’ ಎಂದರೆ ಒಕ್ಕಲು ತನ್ನ ಧಣಿಗೆ ಕಡ್ಡಾಯವಾಗಿ ಸಲ್ಲಿಸಬೇಕಾಗಿದ್ದ ದುಡಿಮೆ. ನಮ್ಮಲ್ಲಿ ಅದಕ್ಕೆ ಒಪ್ಪುವ ಮಾತು ‘ಬಿಟ್ಟಿ’. ಸಂಸ್ಕೃತದ ‘ವಿಷ್ಟಿ’ಯ ತದ್ಭವ. ಚಾಪೆಕ್ಕನ ರೋಬಾಟುಗಳು ಲೋಹದ ಬೊಂಬೆಗಳಲ್ಲ. ಮನುಷ್ಯನಂತೆಯೇ ಮೈಯುಳ್ಳ, ಕಾರ್ಖಾನೆಯಲ್ಲಿ ತಯಾರಾದ ಆಳುಗಳು. ಅವು ಮನುಷ್ಯನಿಗೆ ಬದಲಾಗಿ ದುಡಿದು, ಕಡೆಗೆ ಅವನ ಮೇಲೆಯೇ ತಿರುಗಿಬೀಳುತ್ತವೆ.

ಎರಡನೆಯ ಹೆಸರು ‘ವಾಲ್ಡೋ’. ಅಮೆರಿಕದ ಲೇಖಕ ರಾಬರ್ಟ್ ಹೈನ್‌ಲೈನ್ 1942ರಲ್ಲಿ ಪ್ರಕಟಿಸಿದ ಕಥೆಯೊಂದರ ನಾಯಕನ ಹೆಸರದು. ಈತನ ಸ್ನಾಯುಗಳಲ್ಲಿ ಶಕ್ತಿಯಿಲ್ಲ. ಒಂದು ಚಮಚವನ್ನೆತ್ತುವುದೂ ಅವನಿಗೆ ಪ್ರಯಾಸವೇ. ಆದರೆ ಬುದ್ಧಿ ತೀಕ್ಷ್ಣ. ತನ್ನ ಬೆರಳು ಆಡಿದಂತೆ ಆಡುವ ಯಂತ್ರಹಸ್ತಗಳನ್ನು ಅವನು ನಿರ್ಮಿಸಿಕೊಳ್ಳುತ್ತಾನೆ. ಕೆಲವು ದೈತ್ಯಾಕಾರದವು, ಕೆಲವು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದವು. ಮುಂದೆ ನಿಜವಾಗಿಯೇ ಇಂಥ ದೂರಹಸ್ತಗಳು ತಯಾರಾದಾಗ ಎಂಜಿನಿಯರುಗಳು ಅವನ್ನು ವಾಲ್ಡೋ ಎಂದೇ ಕರೆಯತೊಡಗಿದರು.

ಈ ಎರಡು ಹೆಸರುಗಳು ಎರಡು ಮನೋಧರ್ಮಗಳನ್ನು ಸೂಚಿಸುತ್ತವೆ. ರೋಬಾಟ್ ಮನುಷ್ಯನ ಕೈಯನ್ನು ಸರಿಸಿ ಆ ಸ್ಥಾನದಲ್ಲಿ ತಾನು ನಿಲ್ಲುತ್ತದೆ. ವಾಲ್ಡೋ ಮನುಷ್ಯನ ಕೈಯನ್ನು, ಅದು ತಾನಾಗಿ ತಲುಪಲಾರದ ಎಡೆಗೆ ಒಯ್ಯುತ್ತದೆ. ಇವೆರಡಕ್ಕೂ ಇರುವ ಅಂತರವನ್ನು ಸಿದ್ಧಾಂತದ ಮೂಲಕ ವಿವರಿಸುವ ಬದಲು ಒಂದು ಸಣ್ಣ ಕೆಲಸವನ್ನು ಹಿಡಿದು ನೋಡಬಹುದೆಂದು ನನ್ನ ಭಾವನೆ. ಆ ಕೆಲಸ ಇದು: ವಿದ್ಯಾರ್ಥಿಗಳು ಕಟ್ಟುವ ಪುಟ್ಟ ಯಂತ್ರತೋಳನ್ನು ಕೈಯಿಂದ ಆಡಿಸಲು ಒಂದು ನಿಯಂತ್ರಕವನ್ನು ಮಾಡುವುದು ಹೇಗೆ?

ಇಂಥ ತೋಳುಗಳು ಈಗ ಅಪರೂಪವಲ್ಲ. 2016ರಲ್ಲಿ ಕೇಂದ್ರ ಸರ್ಕಾರದ ಅಟಲ್ ಇನ್ನೋವೇಷನ್ ಮಿಷನ್ ಆರಂಭವಾದ ಮೇಲೆ ಅನೇಕ ಶಾಲೆಗಳಲ್ಲಿ ಟಿಂಕರಿಂಗ್ ಪ್ರಯೋಗಾಲಯಗಳು ಬಂದಿವೆ. ಪಾಲಿಟೆಕ್ನಿಕ್ಕುಗಳಲ್ಲಂತೂ ಇದು ಮಾಮೂಲಿನ ಪ್ರಾಜೆಕ್ಟು. ತೋಳಿನ ರಚನೆ ನಮ್ಮ ತೋಳಿನದೇ ಅನುಕರಣೆ. ಬುಡದಲ್ಲಿ ತಿರುಗುವ ಪೀಠ, ಅದರ ಮೇಲೆ ಭುಜ, ಬಳಿಕ ಮೊಣಕೈ, ಮಣಿಕಟ್ಟು, ತುದಿಯಲ್ಲಿ ಬೆರಳುಗಳ ಬದಲು ಒಂದು ಇಕ್ಕಳ. ಪ್ರತಿಯೊಂದು ಕೀಲಿಗೂ ‘ಸರ್ವೋ’ ಎಂಬ ಚಿಕ್ಕ ಮೋಟಾರು. ಸಾಮಾನ್ಯ ಮೋಟಾರು ಸುಮ್ಮನೆ ಸುತ್ತುತ್ತದೆ. ಸರ್ವೋ ಹಾಗಲ್ಲ, ಹೇಳಿದ ಕೋನಕ್ಕೆ ಹೋಗಿ ಅಲ್ಲಿ ನಿಲ್ಲುತ್ತದೆ. ಪ್ಲೈವುಡ್ಡೋ ಅಕ್ರಿಲಿಕ್ಕೋ ತಂದು, ಕತ್ತರಿಸಿ, ತಿರುಪು ಬಿಗಿದರೆ ತೋಳು ಸಿದ್ಧ. ಕಷ್ಟವಿರುವುದು ತೋಳನ್ನು ಕಟ್ಟುವುದರಲ್ಲಿ ಅಲ್ಲ. ಅದಕ್ಕೆ ನಮ್ಮ ಇಂಗಿತವನ್ನು ತಿಳಿಸುವುದರಲ್ಲಿ.

ತಿಳಿಸಲು ಮೂರು ಮಾರ್ಗಗಳುಂಟು. ಮೊದಲನೆಯದು ಗುಂಡಿಗಳ ಮಾರ್ಗ. ಕೀಲಿಗೆ ಎರಡರಂತೆ ಐದು ಕೀಲುಗಳಿಗೆ ಹತ್ತು ಗುಂಡಿ. ಒಂದನ್ನು ಒತ್ತಿದರೆ ಭುಜ ಏರುತ್ತದೆ, ಇನ್ನೊಂದನ್ನು ಒತ್ತಿದರೆ ಇಳಿಯುತ್ತದೆ. ಇದು ಕಟ್ಟಲು ಸುಲಭ, ಬಳಸಲು ಕಷ್ಟ. ಮೇಜಿನ ಮೇಲಿನ ಸುಣ್ಣದ ಕಡ್ಡಿಯೊಂದನ್ನೆತ್ತಿ ಪೆಟ್ಟಿಗೆಗೆ ಹಾಕಬೇಕೆಂದರೆ ‘ಈಗ ಭುಜ ಎಷ್ಟು, ಮೊಣಕೈ ಎಷ್ಟು’ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿರಬೇಕು. ಅಕ್ಷರ ಅಕ್ಷರ ಕೂಡಿಸಿ ಓದುವ ಎಳೆಯ ಮಗುವಿನ ಪಾಡು ಇದು. ಅಕ್ಷರವೆಲ್ಲ ಸರಿಯಾಗಿರುತ್ತದೆ, ವಾಕ್ಯ ಮಾತ್ರ ಕೈಗೆ ಸಿಗುವುದಿಲ್ಲ.

ಎರಡನೆಯದು ಗಣಕವನ್ನು ದುಭಾಷಿಯಾಗಿ ನಿಲ್ಲಿಸಿಕೊಳ್ಳುವ ಮಾರ್ಗ. ಆಡಿಸುವವರು ತುದಿಯ ಇಕ್ಕಳ ಯಾವ ಕಡೆಗೆ ಹೋಗಬೇಕೆಂಬುದನ್ನಷ್ಟೇ ಒಂದು ಹಿಡಿಯಿಂದ ಸೂಚಿಸುತ್ತಾರೆ. ಅದಕ್ಕೆ ಯಾವ ಕೀಲು ಎಷ್ಟು ತಿರುಗಬೇಕೆಂಬುದನ್ನು ಗಣಕ ಲೆಕ್ಕ ಹಾಕುತ್ತದೆ. 1981ರಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆಯಲ್ಲಿ ಮೊದಲ ಬಾರಿಗೆ ಹಾರಿದ, ಕೆನಡಾ ದೇಶದವರು ನಿರ್ಮಿಸಿದ ಸುಮಾರು 15 ಮೀಟರ್ ಉದ್ದದ ‘ಕೆನಡಾರ್ಮ್’ ಎಂಬ ತೋಳಿನ ವ್ಯವಸ್ಥೆ ಹೀಗಿತ್ತು. ಗಗನಯಾತ್ರಿಯ ಎಡಗೈಯ ಹಿಡಿ ತುದಿಯನ್ನು ಹಿಂದೆ ಮುಂದೆ, ಮೇಲೆ ಕೆಳಗೆ, ಅತ್ತ ಇತ್ತ ಸರಿಸುವುದಕ್ಕೆ. ಬಲಗೈಯದು ಅದನ್ನು ತಿರುಗಿಸುವುದಕ್ಕೆ. ಶಾಲೆಯ ಹುಡುಗರಿಗೆ ಈ ಮಾರ್ಗ ಅಸಾಧ್ಯವೇನೂ ಅಲ್ಲ, ಆದರೆ ತ್ರಿಕೋಣಮಿತಿಯ ಮೆಟ್ಟಿಲನ್ನು ಹತ್ತಬೇಕು. ಜೊತೆಗೆ, ತುದಿ ಒಂದೇ ಜಾಗದಲ್ಲಿದ್ದರೂ ಮೊಣಕೈ ಮೇಲಕ್ಕೆ ಬಾಗಿರಬಹುದು, ಕೆಳಕ್ಕೂ ಬಾಗಿರಬಹುದು. ಎರಡು ಉತ್ತರಗಳಲ್ಲಿ ಯಾವುದು ಬೇಕೆಂದು ಗಣಕಕ್ಕೆ ಯಾರಾದರೂ ಹೇಳಿಕೊಡಬೇಕು.

ಮೂರನೆಯ ಮಾರ್ಗವೇ ನಮ್ಮ ವಿಷಯ. ನಮ್ಮ ನೆರೆಮನೆಯ ಪಾಲಿಟೆಕ್ನಿಕ್ ವಿದ್ಯಾರ್ಥಿನಿಯೊಬ್ಬಳು ಗೆಳತಿಯರೊಡನೆ ಸೇರಿ ಇಂಥ ತೋಳನ್ನು ಕಟ್ಟುತ್ತಿದ್ದಾಗ ಕೆಲವು ವಾರ ಅದನ್ನು ಹತ್ತಿರದಿಂದ ನೋಡುವ ಅವಕಾಶ ನನಗೆ ದೊರೆಯಿತು. “ಇದಕ್ಕೆ ನಿನ್ನ ಮಾತನ್ನು ಹೇಳುವುದು ಹೇಗಮ್ಮ?” ಎಂದು ಕೇಳಿದೆ. “ಹೇಳುವುದಿಲ್ಲ ಸರ್, ಮಾಡಿ ತೋರಿಸುತ್ತೇವೆ” ಎಂದಳು. ಆ ಒಂದು ಮಾತಿನಲ್ಲಿ ಮೂರನೆಯ ಮಾರ್ಗದ ತಿರುಳೆಲ್ಲ ಅಡಗಿದೆ. ದೊಡ್ಡ ತೋಳಿನದೇ ಪಡಿಯಚ್ಚಾದ ಒಂದು ಚಿಕ್ಕ ತೋಳನ್ನು ಮಾಡಿಕೊಳ್ಳುವುದು. ಚಿಕ್ಕದನ್ನು ಕೈಯಲ್ಲಿ ಹಿಡಿದು ಬಾಗಿಸಿದಂತೆಲ್ಲ ದೊಡ್ಡದು ತಾನೂ ಬಾಗುವುದು.

ಇದರ ಹಿಂದಿರುವ ಗಣಿತ ಪ್ರೌಢಶಾಲೆಯ ಸಮರೂಪ ತ್ರಿಭುಜಗಳ ಪಾಠವಷ್ಟೆ. ಎರಡು ತ್ರಿಭುಜಗಳ ಕೋನಗಳು ಸಮವಾಗಿದ್ದರೆ ಬಾಹುಗಳು ಒಂದೇ ಪ್ರಮಾಣದಲ್ಲಿರುತ್ತವೆ. ದೊಡ್ಡ ತೋಳಿನ ಮೇಲ್ದೋಳು 20 ಸೆಂಟಿಮೀಟರ್, ಮುಂದೋಳು 16 ಸೆಂಟಿಮೀಟರ್ ಇದ್ದರೆ, ಚಿಕ್ಕದರಲ್ಲಿ ಅವು 10 ಮತ್ತು 8 ಇರಲಿ. ಆಗ ಎರಡೂ ಕಡೆ ಕೀಲುಗಳ ಕೋನವನ್ನು ಒಂದೇ ಆಗಿ ಇಟ್ಟರೆ ಸಾಕು, ಚಿಕ್ಕದರ ತುದಿ ಒಂದು ಅಂಗುಲ ಸರಿದಾಗ ದೊಡ್ಡದರ ತುದಿ ಎರಡು ಅಂಗುಲ, ಅದೇ ದಿಕ್ಕಿಗೆ, ಸರಿಯುತ್ತದೆ. ಬೇರೆ ಲೆಕ್ಕಾಚಾರ ಬೇಕಿಲ್ಲ. ಆದರೆ ಪ್ರಮಾಣ ತಪ್ಪಿ ಚಿಕ್ಕದರ ಮುಂದೋಳು 8ರ ಬದಲು 11 ಆಯಿತೆನ್ನಿ. ಕೋನಗಳು ಸಮವಾಗಿಯೇ ಇದ್ದರೂ ತುದಿಗಳು ಬೇರೆ ಬೇರೆ ದಾರಿ ಹಿಡಿಯುತ್ತವೆ. ಕೈ ನೇರವಾದ ಗೆರೆ ಎಳೆದರೆ ಯಂತ್ರ ಸೊಟ್ಟ ಗೆರೆ ಎಳೆಯುತ್ತದೆ.

ಚಿಕ್ಕ ತೋಳು ಭಾರವನ್ನೇನೂ ಹೊರುವುದಿಲ್ಲವಾದ್ದರಿಂದ ದಪ್ಪ ರಟ್ಟು ಸಾಕು. ಅದರ ಪ್ರತಿ ಕೀಲಿನಲ್ಲೂ ಒಂದು ಪೊಟೆನ್ಷಿಯೋಮೀಟರ್ ಕೂಡಿಸಬೇಕು. ಹೆಸರು ಕೇಳಿ ಗಾಬರಿಯಾಗಬೇಕಾಗಿಲ್ಲ. ಹಳೆಯ ರೇಡಿಯೋದಲ್ಲಿ ಧ್ವನಿಯನ್ನು ಏರಿಸಿ ಇಳಿಸಲು ತಿರುಗಿಸುತ್ತಿದ್ದ ಗುಂಡಿಯ ಹಿಂದೆ ಇದ್ದುದು ಇದೇ. ಅದಕ್ಕೆ ಮೂರು ಕಾಲುಗಳು. ಹೊರಗಿನ ಎರಡು ಕಾಲುಗಳ ನಡುವೆ 5 ವೋಲ್ಟ್ ಕೊಟ್ಟರೆ, ಗುಂಡಿ ಎಷ್ಟು ತಿರುಗಿದೆಯೋ ಅದಕ್ಕೆ ತಕ್ಕ ಪಾಲು ನಡುವಿನ ಕಾಲಿನಲ್ಲಿ ಸಿಗುತ್ತದೆ. ಕೋನವು ವೋಲ್ಟೇಜಾಗಿ ಭಾಷಾಂತರವಾಯಿತೆಂದಾಯಿತು.

ಈ ಭಾಷಾಂತರವನ್ನು ಓದಿಕೊಳ್ಳುವುದು ಅಂಗೈಯಗಲದ ಒಂದು ವಿದ್ಯುನ್ಮಾನ ಫಲಕ. ವಿದ್ಯಾರ್ಥಿಗಳು ಹೆಚ್ಚಾಗಿ ಬಳಸುವುದು 2005ರಲ್ಲಿ ಇಟಲಿಯ ಇವ್ರಿಯಾ ಎಂಬ ಊರಿನಲ್ಲಿ, ವಿದ್ಯಾರ್ಥಿಗಳಿಗಾಗಿಯೇ ಹುಟ್ಟಿದ ‘ಆರ್ಡುಯಿನೋ’ ಮನೆತನದ ಫಲಕಗಳನ್ನು. ಅವುಗಳಲ್ಲಿ ಪ್ರಚಲಿತವಾದ ‘ಊನೋ’ ಫಲಕ ಸೊನ್ನೆಯಿಂದ 5 ವೋಲ್ಟ್‌ವರೆಗಿನ ಅಂತರವನ್ನು 0ಯಿಂದ 1023ರವರೆಗಿನ ಸಂಖ್ಯೆಯಾಗಿ ಓದುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಪೊಟೆನ್ಷಿಯೋಮೀಟರ್ ಸುಮಾರು 270 ಡಿಗ್ರಿ ತಿರುಗುತ್ತದೆ; ತೋಳಿನ ಕೀಲು ತಿರುಗುವುದು ಹೆಚ್ಚೆಂದರೆ 180. ಆದ್ದರಿಂದ ಆ 1023ರಲ್ಲಿ ನಮಗೆ ದಕ್ಕುವುದು ಮೂರರಲ್ಲಿ ಎರಡು ಪಾಲು, ಎಂದರೆ ಸುಮಾರು 680 ಮೆಟ್ಟಿಲು. ಯಾವ ಸಂಖ್ಯೆಯಿಂದ ಯಾವ ಸಂಖ್ಯೆಯವರೆಗೆ ಎಂಬುದನ್ನು ಪುಸ್ತಕ ನೋಡಿ ಬರೆದರಾಗದು. ಪ್ರತಿ ಕೀಲನ್ನೂ ಈ ಕೊನೆಗೆ, ಆ ಕೊನೆಗೆ ತಂದು ಫಲಕ ಏನನ್ನು ಓದುತ್ತದೆಂದು ನೋಡಿ ಗುರುತುಹಾಕಿಕೊಳ್ಳಬೇಕು. ಒಂದೇ ಅಂಗಡಿಯಲ್ಲಿ ಒಂದೇ ದಿನ ಕೊಂಡ ಐದು ಪೊಟೆನ್ಷಿಯೋಮೀಟರುಗಳು ಐದು ಉಚ್ಚಾರಣೆಗಳಲ್ಲಿ ಮಾತಾಡುತ್ತವೆ.

ಇನ್ನು ಫಲಕವು ಸರ್ವೋಗೆ ಆಜ್ಞೆ ಕೊಡುವ ಬಗೆ. ಸೆಕೆಂಡಿಗೆ ಸುಮಾರು 50 ಸಲ ಅದೊಂದು ಸಣ್ಣ ವಿದ್ಯುತ್ ಮಿಡಿತವನ್ನು ಕಳಿಸುತ್ತದೆ. ಮಿಡಿತ ಸುಮಾರು ಒಂದು ಮಿಲಿಸೆಕೆಂಡ್ ಇದ್ದರೆ ಸರ್ವೋ ಒಂದು ಕೊನೆಗೆ, ಎರಡು ಮಿಲಿಸೆಕೆಂಡ್ ಇದ್ದರೆ ಇನ್ನೊಂದು ಕೊನೆಗೆ, ಒಂದೂವರೆ ಇದ್ದರೆ ನಡುಮಧ್ಯಕ್ಕೆ. ನಮ್ಮ ಛಂದಸ್ಸಿನ ಲಘು ಗುರುಗಳಂತೆ, ಅರ್ಥವೆಲ್ಲ ಇರುವುದು ಕಾಲದ ಪ್ರಮಾಣದಲ್ಲಿ. ಸರ್ವೋವಿನ ಹೊಟ್ಟೆಯಲ್ಲೂ ಒಂದು ಪೊಟೆನ್ಷಿಯೋಮೀಟರ್ ಇದೆ. ಅದು ತನ್ನ ಕೀಲು ಎಲ್ಲಿದೆಯೆಂದು ಹೇಳುತ್ತಿರುತ್ತದೆ. ಆಜ್ಞೆಗೂ ಇರವಿಗೂ ವ್ಯತ್ಯಾಸ ಉಳಿದಿರುವವರೆಗೆ ಮೋಟಾರು ತಿರುಗುತ್ತದೆ, ವ್ಯತ್ಯಾಸ ಅಳಿದರೆ ನಿಲ್ಲುತ್ತದೆ. ಹೀಗೆ ಎರಡು ತುದಿಗಳಲ್ಲೂ ಒಂದೇ ಉಪಕರಣ. ಒಂದು ಕೇಳಿಸಿಕೊಳ್ಳುವುದಕ್ಕೆ, ಮತ್ತೊಂದು ಒಪ್ಪಿಸುವುದಕ್ಕೆ.

ವಿದ್ಯುತ್ತಿನ ವಿಷಯದಲ್ಲಿ ಒಂದು ಎಚ್ಚರಿಕೆ. ಸರ್ವೋಗಳಿಗೆ ಬೇಕಾದ ವಿದ್ಯುತ್ತನ್ನು ಫಲಕದಿಂದಲೇ ಎಳೆಯಬಾರದು. ತಡೆಗೆ ಸಿಕ್ಕಿದ ದೊಡ್ಡ ಸರ್ವೋ ಒಂದು ಆಂಪಿಯರಿಗೂ ಮೀರಿ ಎಳೆಯಬಲ್ಲದು. ಆಗ ಫಲಕಕ್ಕೆ ಶಕ್ತಿ ಸಾಲದೆ ಅದು ಮತ್ತೆ ಮತ್ತೆ ಕಣ್ಣುಮುಚ್ಚಿ ತೆರೆಯುತ್ತದೆ, ತೋಳು ಬಡಬಡನೆ ನಡುಗುತ್ತದೆ. ಸರ್ವೋಗಳಿಗೆ ಪ್ರತ್ಯೇಕ ವಿದ್ಯುತ್ ಮೂಲವಿರಬೇಕು. ಆದರೆ ಎರಡು ಮೂಲಗಳ ಋಣ ತಂತಿಗಳನ್ನು ಒಂದಕ್ಕೊಂದು ಸೇರಿಸಲೇಬೇಕು. ಸೊನ್ನೆ ಎಂದರೆ ಎಲ್ಲಿ ಎಂಬ ಬಗ್ಗೆ ಇಬ್ಬರಿಗೂ ಒಪ್ಪಂದವಿಲ್ಲದಿದ್ದರೆ ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗುವುದಿಲ್ಲ.

ಇಷ್ಟು ಮಾಡಿದರೆ ತೋಳು ಆಡುತ್ತದೆ. ಆದರೆ ಆಡುವುದು ಬೇರೆ, ಆಡಿಸಿಕೊಳ್ಳುವುದು ಬೇರೆ. ನಿಯಂತ್ರಕದ ನಿಜವಾದ ಕೆಲಸ ಇಲ್ಲಿಂದ ಮುಂದೆ ಶುರುವಾಗುತ್ತದೆ.

ಮೊದಲನೆಯ ತೊಡಕು ನಡುಕ. ನಮ್ಮ ಕೈ ಎಷ್ಟು ಸ್ಥಿರವೆಂದುಕೊಂಡರೂ ಕೊಂಚ ಕಂಪಿಸುತ್ತಲೇ ಇರುತ್ತದೆ. ಪೊಟೆನ್ಷಿಯೋಮೀಟರಿನ ಓದು ಕೂಡ ಒಂದೆರಡು ಅಂಕೆ ಅತ್ತಿತ್ತ ತೂಗಾಡುತ್ತದೆ. ಚಿಕ್ಕ ತೋಳಿನಲ್ಲಿ ಕಾಣದ ನಡುಕ ದೊಡ್ಡದರಲ್ಲಿ ಎರಡರಷ್ಟಾಗಿ ಕಾಣುತ್ತದೆ. ಕಡೆಯ ಎಂಟು ಹತ್ತು ಓದುಗಳ ಸರಾಸರಿ ತೆಗೆದರೆ ನಡುಕ ಇಳಿಯುತ್ತದೆ. ಆದರೆ ಸರಾಸರಿ ಎಂದರೆ ಕಳೆದುಹೋದುದನ್ನೂ ಲೆಕ್ಕಕ್ಕೆ ಹಿಡಿಯುವುದು. ಹಾಗೆ ಹಿಡಿದಷ್ಟೂ ತೋಳು ತಡವಾಗಿ ಓಗೊಡುತ್ತದೆ. ನಡುಕ ಪೂರ್ತಿ ಹೋಗುವಷ್ಟು ಸರಾಸರಿ ಹಾಕಿದರೆ ಕೈಗೂ ಯಂತ್ರಕ್ಕೂ ಇದ್ದ ನಂಟೇ ಕಡಿದಂತಾಗುತ್ತದೆ. ಎಲ್ಲಿ ನಿಲ್ಲಿಸಬೇಕೆಂಬುದು ಬರೆದಿಟ್ಟ ಸೂತ್ರದಿಂದ ಸಿಗದು. ಆಡಿಸಿ ಆಡಿಸಿಯೇ ಗೊತ್ತಾಗಬೇಕು.

ಎರಡನೆಯದು ಆರಂಭದ ಜಿಗಿತ. ಸ್ವಿಚ್ ಹಾಕುವ ಹೊತ್ತಿಗೆ ಚಿಕ್ಕ ತೋಳು ಮಲಗಿದ್ದು ದೊಡ್ಡದು ನಿಂತಿದ್ದರೆ, ದೊಡ್ಡದು ಒಂದೇ ಏಟಿಗೆ ಮೇಜಿಗೆ ಅಪ್ಪಳಿಸುತ್ತದೆ. ನಡುವೆ ಯಾರ ಬೆರಳಿದ್ದರೂ ಗಾಯವೇ. ಇದಕ್ಕೆ ಪರಿಹಾರವೆಂದರೆ ವೇಗಕ್ಕೆ ಮಿತಿ ಹಾಕುವುದು. ಸೆಕೆಂಡಿನ 50ರಲ್ಲಿ ಒಂದು ಪಾಲಿನ ಪ್ರತಿ ಹೆಜ್ಜೆಗೂ ಎರಡು ಡಿಗ್ರಿಗಿಂತ ಹೆಚ್ಚು ಚಲಿಸಕೂಡದು ಎಂದು ವಿಧಿಸಿದರೆ, ಸೆಕೆಂಡಿಗೆ 100 ಡಿಗ್ರಿಯ ಮೇರೆ ಬಿದ್ದಂತಾಯಿತು.

ಮೂರನೆಯದು ಕೈಯ ಆಯಾಸ. ಇದಕ್ಕೆ ಚಿಕ್ಕ ತೋಳಿನ ಹಿಡಿಯಲ್ಲಿ ಒಂದು ಒತ್ತುಗುಂಡಿಯನ್ನಿಡುವುದುಂಟು. ಒತ್ತಿ ಹಿಡಿದಿರುವಷ್ಟು ಕಾಲ ಮಾತ್ರ ದೊಡ್ಡ ತೋಳು ಹಿಂಬಾಲಿಸುತ್ತದೆ. ಬಿಟ್ಟರೆ ಇದ್ದಲ್ಲೇ ನಿಲ್ಲುತ್ತದೆ. ಕೈಗೆ ವಿಶ್ರಾಂತಿಯೂ ಆಯಿತು, ರಕ್ಷಣೆಯೂ ಆಯಿತು. ಆಡಿಸುವವರು ಬೆಚ್ಚಿಬಿದ್ದು ಕೈಬಿಟ್ಟರೆ ಯಂತ್ರವೂ ಕೈಬಿಡುತ್ತದೆ. ಈ ಗುಂಡಿಗೆ ಹತ್ತು ರೂಪಾಯಿಯೂ ಆಗದು. ಆದರೆ ಇಡೀ ಯಂತ್ರದಲ್ಲಿ ಇದಕ್ಕಿಂತ ಬೆಲೆಬಾಳುವ ಭಾಗ ಇನ್ನೊಂದಿಲ್ಲ.

ಇವೆಲ್ಲ ಪರಿಹಾರವಿರುವ ತೊಡಕುಗಳು. ಸುಲಭ ಪರಿಹಾರವಿಲ್ಲದ ಕೊರತೆಯೊಂದಿದೆ, ಅದು ಸ್ಪರ್ಶದ್ದು. ಇಕ್ಕಳದ ನಡುವೆ ಕಬ್ಬಿಣದ ತಿರುಪಿದೆಯೋ ಕೋಳಿಮೊಟ್ಟೆಯಿದೆಯೋ ಆಡಿಸುವ ಕೈಗೆ ಗೊತ್ತಾಗುವುದಿಲ್ಲ. ರಟ್ಟಿನ ತೋಳಿಗೆ ಎರಡೂ ಒಂದೇ. ವಿದ್ಯಾರ್ಥಿಗಳು ಇಕ್ಕಳದ ಬಾಯಿಗೆ ರಬ್ಬರ್ ಹಚ್ಚುತ್ತಾರೆ, ಇಷ್ಟಕ್ಕಿಂತ ಮುಚ್ಚಕೂಡದೆಂದು ಮಿತಿ ಹಾಕುತ್ತಾರೆ. ಇಷ್ಟಾದ ಮೇಲೆ ಉಳಿಯುವುದು ಕಣ್ಣು ಮತ್ತು ಕಿವಿ. ಸರ್ವೋ ಹಿಡಿತಕ್ಕೆ ಸಿಕ್ಕಾಗ ಅದರ ದನಿ ಬದಲಾಗುತ್ತದೆ, ಹೂಂಕರಿಸುತ್ತದೆ. ಒಂದು ವಾರ ಆಡಿಸಿದ ಹುಡುಗಿಯರು ಆ ದನಿಯಿಂದಲೇ ಸಾಕೆಂದು ತಿಳಿಯಬಲ್ಲವರಾಗಿದ್ದರು.

ಕುಂದಾಪುರದ ಬಳಿಯ ಉಪ್ಪಿನಕುದ್ರುವಿನಲ್ಲಿ ಸೂತ್ರದ ಗೊಂಬೆಯಾಟವನ್ನು ಕಂಡವರಿಗೆ ಈ ಕೊರತೆಯ ಮರ್ಮ ಬೇಗ ಹೊಳೆಯುತ್ತದೆ. ಅಲ್ಲಿ ಸೂತ್ರ ಎರಡು ದಿಕ್ಕಿಗೂ ಸಾಗುವ ದಾರಿ. ಕೈಯ ಇಚ್ಛೆ ಅದರ ಮೂಲಕ ಗೊಂಬೆಗೆ ಇಳಿಯುತ್ತದೆ. ಗೊಂಬೆಯ ಭಾರ, ಅದರ ತೂಗಾಟ ಅದೇ ದಾರದ ಮೂಲಕ ಕೈಗೆ ಏರುತ್ತದೆ. ನಮ್ಮ ಮೂರು ಎಳೆಯ ವಿದ್ಯುತ್ ತಂತಿಯಲ್ಲಿ ಆಜ್ಞೆ ಹೋಗುತ್ತದೆ, ಉತ್ತರ ಬರುವುದಿಲ್ಲ.

ಈ ಉತ್ತರವನ್ನು ಮರಳಿ ತರಿಸಿದವರಲ್ಲಿ ಅಗ್ರಗಣ್ಯನು ರೇಮಂಡ್ ಗೋರ್ಟ್ಜ್. ಎರಡನೆಯ ಮಹಾಯುದ್ಧದ ಬಳಿಕ ಷಿಕಾಗೋ ಸಮೀಪದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ವಿಕಿರಣಶೀಲ ವಸ್ತುಗಳನ್ನು ದಪ್ಪ ಗೋಡೆಯ ಆಚೆಯಿಂದ ನಿರ್ವಹಿಸಬೇಕಾಗಿತ್ತು. ಅವನು ಮೊದಲು ರೂಪಿಸಿದ ಜೋಡಿತೋಳುಗಳನ್ನು ಬೆಸೆದಿದ್ದುದು ಯಾಂತ್ರಿಕ ಕೊಂಡಿಗಳು. ಆಚೆಯ ತೋಳಿಗೆ ತಾಗಿದ್ದು ಈಚೆಯ ಕೈಗೆ ತಿಳಿಯುತ್ತಿತ್ತು. 1954ರ ಹೊತ್ತಿಗೆ ಕೊಂಡಿಗಳ ಸ್ಥಾನದಲ್ಲಿ ವಿದ್ಯುತ್ತನ್ನು ತಂದ. ಆದರೆ ಸ್ಪರ್ಶವನ್ನು ಬಿಟ್ಟುಕೊಡಲಿಲ್ಲ. ಈಚೆಯ ತೋಳಿಗೂ ಮೋಟಾರುಗಳನ್ನಿಟ್ಟು, ಆಚೆಯದು ಎದುರಿಸಿದ ತಡೆ ಆಡಿಸುವ ಕೈಗೆ ಅನುಭವವಾಗುವಂತೆ ಮಾಡಿದ.

ಈ ಮಾತು ಬರಿಯ ಪ್ರಯೋಗಾಲಯದ್ದಲ್ಲ. 2001ರ ಸೆಪ್ಟೆಂಬರ್ 7ರಂದು ನ್ಯೂಯಾರ್ಕಿನಲ್ಲಿ ಕುಳಿತ ಫ್ರೆಂಚ್ ಶಸ್ತ್ರವೈದ್ಯ ಜಾಕ್ ಮಾರೆಸ್ಕೋ, ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿದ್ದ ರೋಗಿಯ ಪಿತ್ತಕೋಶವನ್ನು ಯಂತ್ರತೋಳುಗಳ ಮೂಲಕ ತೆಗೆದರು. ಶಸ್ತ್ರಚಿಕಿತ್ಸೆಯಲ್ಲಿ ವ್ಯಾಪಕವಾಗಿ ಬಳಕೆಗೆ ಬಂದ ‘ಡಾ ವಿಂಚಿ’ ಯಂತ್ರಕ್ಕೆ ಅಮೆರಿಕದಲ್ಲಿ 2000ದಲ್ಲಿ ಅನುಮತಿ ದೊರೆಯಿತು. ಬಹುಕಾಲ ಅದರ ವೈದ್ಯರು ಕಣ್ಣಿನಿಂದಲೇ ಸ್ಪರ್ಶವನ್ನು ಊಹಿಸಿಕೊಳ್ಳುತ್ತಿದ್ದರು. 2024ರಲ್ಲಿ ಒಪ್ಪಿಗೆ ಪಡೆದ ಅದರ ಐದನೆಯ ಪೀಳಿಗೆಯಲ್ಲಿ ವೈದ್ಯರ ಕೈಗೆ ಬಲದ ಅನುಭವ ಮರಳಿ ಮುಟ್ಟುವ ವ್ಯವಸ್ಥೆ ಬಂದಿದೆ.

ಇನ್ನು ಕಡೆಯ ಪ್ರಶ್ನೆ. ಚಿಕ್ಕ ತೋಳಿನಿಂದ ಬರುವ ಸಂಖ್ಯೆಗಳನ್ನು ಫಲಕವು ದೊಡ್ಡ ತೋಳಿಗೆ ದಾಟಿಸುವುದರ ಜೊತೆಗೆ ಬರೆದೂ ಇಟ್ಟುಕೊಳ್ಳಬಹುದು. ಬರೆದಿಟ್ಟುದನ್ನು ಮತ್ತೆ ಓದಿಸಿದರೆ ದೊಡ್ಡ ತೋಳು ಯಾರ ಕೈಯೂ ಇಲ್ಲದೆ ಅದೇ ಕೆಲಸವನ್ನು ಮಾಡುತ್ತದೆ. ಇದೇನೂ ಹೊಸ ಯುಕ್ತಿಯಲ್ಲ. ಅಮೆರಿಕದ ಜಾರ್ಜ್ ಡೆವೋಲ್‌ನ ಕಲ್ಪನೆಯಿಂದ ಹುಟ್ಟಿ, 1961ರಲ್ಲಿ ನ್ಯೂಜೆರ್ಸಿಯ ಜನರಲ್ ಮೋಟಾರ್ಸ್ ಕಾರ್ಖಾನೆಯಲ್ಲಿ ದುಡಿಯಲು ನಿಂತ ‘ಯುನಿಮೇಟ್’ ಮಾಡಿದ್ದೂ ಇದನ್ನೇ. ಹೆಜ್ಜೆ ಹೆಜ್ಜೆಯಾಗಿ ನಡೆಸಿ ತೋರಿಸಿದ್ದನ್ನು ಕಾಂತೀಯ ಸ್ಮೃತಿಯಲ್ಲಿಟ್ಟುಕೊಂಡು ಒಪ್ಪಿಸುತ್ತಿತ್ತು. ವಾಲ್ಡೋ ರೋಬಾಟ್ ಆಗುವುದು ಈ ಗಳಿಗೆಯಲ್ಲಿ. ನಡುವೆ ಇರುವುದು ಒಂದೇ ಗುಂಡಿ, ‘ಬರೆದುಕೋ’ ಎಂಬ ಗುಂಡಿ.

ಯುನಿಮೇಟ್ ಬರೆದುಕೊಂಡದ್ದನ್ನು ಬರೆದಂತೆಯೇ ಓದುತ್ತಿತ್ತು. ಇಂದಿನವು ಅಷ್ಟಕ್ಕೆ ನಿಲ್ಲುವುದಿಲ್ಲ. 2023ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು ಮುಂದಿಟ್ಟ ‘ಅಲೋಹಾ’ ಎಂಬ ವ್ಯವಸ್ಥೆಯಲ್ಲಿ ಮನುಷ್ಯನೊಬ್ಬ ಜೋಡಿತೋಳುಗಳನ್ನು ಹಿಡಿದು ಒಂದು ಕೆಲಸವನ್ನು ಹಲವು ಸಲ ಮಾಡಿ ತೋರಿಸುತ್ತಾನೆ. ಆ ನಿದರ್ಶನಗಳಿಂದ ಯಂತ್ರ ಕೆಲಸದ ಹದವನ್ನೇ ಕಲಿಯುತ್ತದೆ. ರಚನೆಯಲ್ಲಿ ಅದು ನಮ್ಮ ನೆರೆಮನೆಯ ಹುಡುಗಿಯ ರಟ್ಟಿನ ತೋಳಿನ ಬಂಧುವೇ. ಭಾಷೆಯವನಾಗಿ ನಾನು ಗಮನಿಸಿದ ಸಂಗತಿಯೆಂದರೆ, ಹಿಂದೆ ಈ ಜೋಡಿಯನ್ನು ‘ಒಡೆಯ’ ಮತ್ತು ‘ಗುಲಾಮ’ ಎಂಬರ್ಥದ ಇಂಗ್ಲಿಷ್ ಪದಗಳಿಂದ ಕರೆಯುತ್ತಿದ್ದರು. ಈಗ ‘ಮುಂದಾಳು’, ‘ಅನುಯಾಯಿ’ ಎಂಬರ್ಥದ ಪದಗಳು ಬಂದಿವೆ. ಹೆಸರು ತಿದ್ದಿದ್ದು ಒಳ್ಳೆಯದೇ. ಆದರೆ ಹೆಸರಿನೊಡನೆ ವ್ಯವಹಾರವೂ ತಿದ್ದಿತೇ ಎಂದು ಕೇಳಬೇಕು.

ನೇಯುವವರ, ಹೊಲಿಯುವವರ, ಹೆಣೆಯುವವರ ಕೈಗಳು ತಲೆಮಾರುಗಳಿಂದ ಗಳಿಸಿದ ಹದವನ್ನು ನಾವು ಕೈಗುಣ ಎನ್ನುತ್ತೇವೆ. ಅದನ್ನು ಮಾತಿನಲ್ಲಿ ಹೇಳಲು ಅವರಿಗೂ ಬರುವುದಿಲ್ಲ, ಬರಹದಲ್ಲಿ ಹಿಡಿಯಲು ನಮಗೂ ಬರುವುದಿಲ್ಲ. ಈಗ ಮೊತ್ತಮೊದಲಿಗೆ ಅದನ್ನು ಬರೆದುಕೊಳ್ಳಬಲ್ಲ ಲೇಖನಿಯೊಂದು ರೂಪುಗೊಳ್ಳುತ್ತಿದೆ. ನಿಯಂತ್ರಕವೆಂದು ನಾವು ಕರೆಯುತ್ತಿರುವುದು ಆ ಲೇಖನಿಯನ್ನೇ. ಬರೆದುಕೊಂಡ ಮೇಲೆ ಆ ಕೈಯ ಗತಿಯೇನು? ಅದರ ಗಳಿಕೆ ಯಾರಿಗೆ ಸಲ್ಲಬೇಕು? ಎತ್ತಿದ ಕೋಳಿಮೊಟ್ಟೆ ಒಡೆದರೆ ಜವಾಬ್ದಾರಿ ಯಾರದು? ಇವು ತಿರುಪು ಬಿಗಿಯುವಾಗ ಹೊಳೆಯುವ ಪ್ರಶ್ನೆಗಳಲ್ಲ. ಆದರೆ ತಿರುಪು ಬಿಗಿಯುವವರೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು.

ಇದಕ್ಕೆ ದೊಡ್ಡ ಉತ್ತರಗಳನ್ನು ಬಲ್ಲವರು ಹೇಳಲಿ. ವಿದ್ಯಾರ್ಥಿಗಳಿಗೆ ನನ್ನದೊಂದು ಸಣ್ಣ ಸೂಚನೆಯಿದೆ. ಬೇಲೂರಿನ ಮದನಿಕೆಯರ ಪೀಠಗಳಲ್ಲಿ ದಾಸೋಜನೇ ಮೊದಲಾದ ರೂವಾರಿಗಳು ತಮ್ಮ ಹೆಸರನ್ನು ಕೆತ್ತಿದ್ದಾರೆ. ನಿಮ್ಮ ಯಂತ್ರವು ಒಂದು ಕೆಲಸವನ್ನು ಬರೆದುಕೊಳ್ಳುವಾಗ ಕೋನಗಳ ಅಂಕೆಗಳ ಮೇಲೆ ಒಂದು ಸಾಲನ್ನು ಬಿಟ್ಟಿರಿ, ಅದರಲ್ಲಿ ಆ ಕೆಲಸವನ್ನು ಮಾಡಿ ತೋರಿಸಿದವರ ಹೆಸರನ್ನು ಬರೆಯಿರಿ.